ಗುಟ್ಟಿನ ಗುಳಿಗೆ, ಉಸಿರಿಗೆ ಕುತ್ತು

(ಗ್ರಾಮೀಣ ದಂಪತಿಗಳ ಕುಟುಂಬ ಕಲ್ಯಾಣ ಶಿಬಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)

ಕುಟುಂಬ ಕಲ್ಯಾಣವೆಂದೊಡನೆ ನಿಮ್ಮಲ್ಲಿ ಅನೇಕರಿಗೆ ಮಕ್ಕಳ ನಡುವಣ ಅಂತರ, ಗರ್ಭಿಣಿಯ ಆರೈಕೆ, ಶಿಶುವಿಗೆ ಹಾಕಿಸಬೇಕಾದ ಚುಚ್ಚುಮದ್ದು ಇವೇ ನೆನಪಿಗೆ ಬರುತ್ತವೆ. ಇವೆಲ್ಲವೂ ಮುಖ್ಯವಾದ ವಿಷಯಗಳೇ ಸರಿ. ಆದರೆ ಈ ದಿನ ನಾನು ನಿಮ್ಮ ಮುಂದೆ ಇಡಬಯಸುವ ವಿಷಯ ಬೇರೆ. ರೋಗವನ್ನು ಗುಣಪಡಿಸಲೆಂದು ಸೇವಿಸಿದ ಔಷಧವೇ ಅಪರೂಪಕ್ಕೊಮ್ಮೆ ಶ್ವಾಸಕೋಶದಲ್ಲಿ ಉರಿಯೂತವನ್ನು ಉಂಟುಮಾಡಬಲ್ಲುದು. ಔಷಧ ಸೇವಿಸುತ್ತಿರುವ ಸಂಗತಿಯನ್ನು ಗಂಡನಿಂದ, ಹೆಂಡತಿಯಿಂದ, ವೈದ್ಯನಿಂದ ಮುಚ್ಚಿಟ್ಟರೆ ಆ ಉರಿಯೂತವು ಯಾರ ಗಮನಕ್ಕೂ ಬಾರದೆ ಒಳಗೊಳಗೇ ಬೆಳೆಯಬಲ್ಲುದು. ಇದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಕಣ್ಣಾರೆ ಕಂಡ ಒಂದು ಸಂಸಾರದ ಕಥೆಯಿಂದ ಆರಂಭಿಸುತ್ತೇನೆ. ಹೆಸರು, ಊರು ಹೇಳುವುದಿಲ್ಲ. ಹೇಳುವುದು ಉಚಿತವೂ ಅಲ್ಲ.

ನಾನು ಈ ಹಿಂದೆ ಸೇವೆಯಲ್ಲಿದ್ದ ಒಂದು ಆರೋಗ್ಯ ಕೇಂದ್ರಕ್ಕೆ ನಲವತ್ತರ ಆಸುಪಾಸಿನ ಒಬ್ಬ ಗೃಹಿಣಿ ಬರುತ್ತಿದ್ದರು. ಮೂರು ಮಕ್ಕಳ ತಾಯಿ. ಹೊಲದ ಕೆಲಸ, ಮನೆಯ ಕೆಲಸ ಎರಡನ್ನೂ ಹಿಂದೆಗೆಯದೆ ಮಾಡಿದವರು. ಅವರಿಗೆ ಕೆಲವು ತಿಂಗಳಿನಿಂದ ಒಣ ಕೆಮ್ಮು. ಹಿಂದೆ ಎರಡು ಕೊಡ ನೀರನ್ನು ಒಂದೇ ಸಲಕ್ಕೆ ತರುತ್ತಿದ್ದವರು ಈಗ ಬರಿಗೈಯಲ್ಲಿ ದಿಣ್ಣೆ ಏರಿದರೂ ಏದುತ್ತಿದ್ದರು. ಮೈ ಇಳಿದಿತ್ತು. ಊಟ ಸೇರುತ್ತಿರಲಿಲ್ಲ. ನಾನು ಎದೆಯನ್ನು ಪರೀಕ್ಷಿಸಿದೆ. ಶ್ವಾಸಕೋಶದ ಕೆಳಭಾಗದಲ್ಲಿ, ಒಣಗಿದ ಎಲೆಯನ್ನು ಅಂಗೈಯಲ್ಲಿ ಹಿಸುಕಿದಾಗ ಬರುವಂಥ ಸಣ್ಣ ಸದ್ದು ಕೇಳಿಸಿತು. ಕ್ಷಯವಿರಬಹುದೆಂದು ಕಫ ಪರೀಕ್ಷೆ ಮಾಡಿಸಿದೆ. ಕ್ಷಯದ ರೋಗಾಣು ಕಾಣಲಿಲ್ಲ. ಮತ್ತೊಮ್ಮೆ ಮಾಡಿಸಿದೆ, ಆಗಲೂ ಕಾಣಲಿಲ್ಲ. ಉಬ್ಬಸವಿರಬಹುದೆಂದು ಅದರ ಔಷಧ ಕೊಟ್ಟೆ, ಗುಣ ಕಾಣಲಿಲ್ಲ.

ಇಷ್ಟರಲ್ಲಿ ಊರಿನಲ್ಲಿ ಮಾತು ಹಬ್ಬಿತು. ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದು ಬಂದಿದ್ದರೂ ಮನೆಯವರು ಆಕೆಯ ತಟ್ಟೆ ಲೋಟಗಳನ್ನು ಬೇರೆ ಇಟ್ಟರು. ಕೊನೆಯ ಮಗುವನ್ನು ಅಜ್ಜಿಯ ಮನೆಗೆ ಕಳುಹಿಸಿದರು. ಪಟ್ಟಣದ ಆಸ್ಪತ್ರೆಯ ವೆಚ್ಚಕ್ಕಾಗಿ ಗಂಡ ಕರೆಯುವ ಹಸುವೊಂದನ್ನು ಮಾರಿದ.

ಜಿಲ್ಲಾ ಆಸ್ಪತ್ರೆಗೆ ಹೊರಡುವ ಮುನ್ನಾದಿನ ಆತ ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಹುಡುಕಲು ಹೆಂಡತಿಯ ಟ್ರಂಕನ್ನು ತೆರೆದನಂತೆ. ಸೀರೆಯ ಮಡಿಕೆಯ ನಡುವೆ ಮಾತ್ರೆಯ ಖಾಲಿ ಪಟ್ಟಿಗಳ ಒಂದು ಕಟ್ಟು, ಅರ್ಧ ಬಳಸಿದ ಒಂದು ಪಟ್ಟಿ ಸಿಕ್ಕವು. ಸಂಜೆ ಅವನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ನನ್ನ ಮನೆಯ ಬಾಗಿಲಿಗೆ ಬಂದ. ಮುಖದಲ್ಲಿ ಸಿಟ್ಟೂ ಇತ್ತು, ಭಯವೂ ಇತ್ತು. “ಡಾಕ್ಟ್ರೇ, ಇದು ಮಕ್ಕಳಾಗದ ಮಾತ್ರೆಯೇ? ನನಗೆ ಹೇಳದೆ ಯಾಕೆ ನುಂಗ್ತಿದ್ದಾಳೆ?” ಎಂದು ಕೇಳಿದ.

ನಾನು ಪಟ್ಟಿಯ ಹಿಂಬದಿಯನ್ನು ಓದಿದೆ. ಅದು ಮಕ್ಕಳಾಗದ ಮಾತ್ರೆಯಲ್ಲ. ನೈಟ್ರೋಫ್ಯುರಾಂಟಾಯಿನ್ ಎಂಬ, ಮೂತ್ರದ ಸೋಂಕಿಗೆ ಕೊಡುವ ಮಾತ್ರೆ. ಆಕೆಗೆ ಉರಿಮೂತ್ರ ಮರಳಿ ಮರಳಿ ಬರುತ್ತಿತ್ತು. ತವರಿಗೆ ಹೋಗಿದ್ದಾಗ ಅಲ್ಲಿಯ ವೈದ್ಯರು ರಾತ್ರಿ ಒಂದರಂತೆ ಮೂರು ತಿಂಗಳು ಸೇವಿಸಿ ಮತ್ತೆ ಬಂದು ತೋರಿಸುವಂತೆ ಹೇಳಿದ್ದರು. ಉರಿ ನಿಂತಿತು. ಆಕೆ ಮತ್ತೆ ತೋರಿಸಲಿಲ್ಲ. ಹಳೆಯ ಚೀಟಿಯನ್ನೇ ಔಷಧದ ಅಂಗಡಿಗೆ ಕಳುಹಿಸಿ, ತಂಗಿಯ ಮೂಲಕ ಮಾತ್ರೆ ತರಿಸಿಕೊಂಡು, ಹದಿನಾಲ್ಕು ತಿಂಗಳು ನುಂಗಿದ್ದರು. ಮೂತ್ರದ ತೊಂದರೆಯನ್ನು ಗಂಡನೊಡನೆ ಹೇಳಲು ನಾಚಿಕೆ. ನನ್ನೊಡನೆ, ಗಂಡಸು ವೈದ್ಯನೊಡನೆ, ಹೇಳಲು ಇನ್ನೂ ನಾಚಿಕೆ. ಕೆಮ್ಮಿಗೂ ಮೂತ್ರದ ಮಾತ್ರೆಗೂ ಏನು ಸಂಬಂಧವೆಂದು ಆಕೆಗೆ ತಿಳಿಯುವುದಾದರೂ ಹೇಗೆ?

ಸಂಬಂಧ ತಿಳಿದಿರಬೇಕಾಗಿದ್ದವನು ನಾನು. “ಅಮ್ಮಾ, ಬೇರೆ ಯಾವ ಕಾಯಿಲೆಗಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?” ಎಂಬ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಆಕೆಯ ಎಷ್ಟೋ ತಿಂಗಳು ಉಳಿಯುತ್ತಿದ್ದವು. ನಾನು ಕೇಳಲಿಲ್ಲ. ಈ ತಪ್ಪನ್ನು ನಿಮ್ಮೆದುರು ಒಪ್ಪಿಕೊಂಡೇ ಮುಂದಿನ ಮಾತನ್ನು ಹೇಳುತ್ತೇನೆ.

ಉಸಿರಾಟಕ್ಕೂ ಮಾತ್ರೆಗೂ ಇರುವ ಸಂಬಂಧವನ್ನು ಅರಿಯಬೇಕಾದರೆ ಮೊದಲು ಶ್ವಾಸಕೋಶದ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಾವು ಸೇದಿದ ಗಾಳಿ ಶ್ವಾಸನಾಳದ ಕವಲು ಕವಲುಗಳಲ್ಲಿ ಸಾಗಿ, ದ್ರಾಕ್ಷಿಯ ಗೊಂಚಲಿನಂತಿರುವ ಅತಿ ಸಣ್ಣ ಗಾಳಿಚೀಲಗಳನ್ನು ಸೇರುತ್ತದೆ. ವಯಸ್ಕರ ಶ್ವಾಸಕೋಶಗಳಲ್ಲಿ ಇಂಥ ಚೀಲಗಳು ಸುಮಾರು 30 ಕೋಟಿ ಇರುತ್ತವೆಂದು ಅಂದಾಜು. ಇವುಗಳ ಗೋಡೆ ಬಹಳ ತೆಳುವಾದುದು. ಆ ಗೋಡೆಯ ಮೂಲಕವೇ ಗಾಳಿಯಲ್ಲಿರುವ ಆಮ್ಲಜನಕವು ರಕ್ತವನ್ನು ಸೇರುತ್ತದೆ. ಬೆರಳಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದನ್ನು ನೀವು ನೋಡಿದ್ದೀರಿ. ಅದೇ ಉರಿಯೂತ. ಗಾಳಿಚೀಲಗಳ ತೆಳು ಗೋಡೆಯಲ್ಲಿ ಇಂಥ ಉರಿಯೂತ ಉಂಟಾದರೆ ಗೋಡೆ ದಪ್ಪವಾಗುತ್ತದೆ. ಆಮ್ಲಜನಕ ಸಲೀಸಾಗಿ ದಾಟಲಾರದು. ಆಗ ಮನುಷ್ಯ ಎಷ್ಟು ಉಸಿರೆಳೆದುಕೊಂಡರೂ ಸಾಲದೆನ್ನಿಸುತ್ತದೆ.

ಸಾಮಾನ್ಯವಾಗಿ ಇಂಥ ಉರಿಯೂತಕ್ಕೆ ರೋಗಾಣುಗಳು ಕಾರಣ. ಅದನ್ನೇ ನ್ಯುಮೋನಿಯ ಎನ್ನುತ್ತೇವೆ. ಅದಕ್ಕೆ ರೋಗಾಣುಗಳನ್ನು ಕೊಲ್ಲುವ ಪ್ರತಿಜೈವಿಕ ಔಷಧ, ಅಂದರೆ ನೀವೆಲ್ಲ ಕೇಳಿರುವ ಆಂಟಿಬಯೋಟಿಕ್, ಬೇಕು. ಆದರೆ ಕೆಲವೊಮ್ಮೆ ರೋಗಾಣುವಿಲ್ಲದೆಯೇ, ಸೇವಿಸಿದ ಔಷಧವನ್ನು ದೇಹ ಒಪ್ಪದೆ ಇದೇ ಬಗೆಯ ಉರಿಯೂತ ಉಂಟಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಜ್ವರ, ಕೆಮ್ಮು, ಏದುಸಿರು. ಆದರೆ ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಔಷಧ ಕೊಡಬೇಕು. ಎರಡನೆಯದಕ್ಕೆ ಕಾರಣವಾದ ಔಷಧವನ್ನು ನಿಲ್ಲಿಸಬೇಕು. ಯಾವುದು ಯಾವುದೆಂದು ವೈದ್ಯನಿಗೆ ತಿಳಿಯಬೇಕಾದರೆ ರೋಗಿ ಏನೇನು ಸೇವಿಸಿದ್ದಾರೆಂಬುದು ತಿಳಿದಿರಲೇಬೇಕು.

ಇಂಥ ತೊಂದರೆಯನ್ನು ಉಂಟುಮಾಡಬಲ್ಲ ಪ್ರತಿಜೈವಿಕಗಳು ಒಂದೆರಡು ಬೇರೆಯೂ ಇವೆ. ಮೊಡವೆಗೆ ಕೊಡುವ ಮಿನೋಸೈಕ್ಲಿನ್, ದೊಡ್ಡ ಆಸ್ಪತ್ರೆಗಳಲ್ಲಿ ಚುಚ್ಚುಮದ್ದಾಗಿ ಕೊಡುವ ಡ್ಯಾಪ್ಟೊಮೈಸಿನ್ ಇವುಗಳಲ್ಲಿ ಸೇರಿವೆ. ಆದರೆ ನಮ್ಮ ಹಳ್ಳಿಯ ಮನೆಗಳಿಗೆ ಹೆಚ್ಚು ಹತ್ತಿರವಾದುದು ನಾನು ಈಗಾಗಲೇ ಹೇಳಿದ ನೈಟ್ರೋಫ್ಯುರಾಂಟಾಯಿನ್. ಆದ್ದರಿಂದ ಅದನ್ನೇ ವಿವರಿಸುತ್ತೇನೆ.

ಈ ಔಷಧ 1953ರಿಂದ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನವಿದೆ. ನುಂಗಿದ ಔಷಧ ರಕ್ತದಲ್ಲಿ ಹೆಚ್ಚು ನಿಲ್ಲದೆ ಮೂತ್ರದಲ್ಲಿ ಸಂಗ್ರಹವಾಗಿ, ಮೂತ್ರಕೋಶದಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆ. ಬೇರೆ ಅನೇಕ ಔಷಧಗಳಿಗೆ ಬಗ್ಗದ ರೋಗಾಣುಗಳು ಇಂದು ಹೆಚ್ಚಿರುವುದರಿಂದ ವೈದ್ಯರು ಈ ಹಳೆಯ ಔಷಧವನ್ನು ಮತ್ತೆ ಹೆಚ್ಚಾಗಿ ಬಳಸುತ್ತಿದ್ದಾರೆ. ಸೋಂಕು ತಗಲಿದಾಗ ಸಾಮಾನ್ಯವಾಗಿ ಐದರಿಂದ ಏಳು ದಿನ ಕೊಡುತ್ತಾರೆ. ಊಟದೊಡನೆ ಸೇವಿಸಬೇಕು. ಇದನ್ನು ಸೇವಿಸಿದಾಗ ಮೂತ್ರವು ಗಾಢ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು, ಅದರಿಂದ ಹಾನಿಯಿಲ್ಲ. ಸೋಂಕು ಪದೇ ಪದೇ ಮರುಕಳಿಸುವವರಿಗೆ ಅದನ್ನು ತಡೆಯಲೆಂದು ರಾತ್ರಿಯ ಹೊತ್ತು ಸಣ್ಣ ಪ್ರಮಾಣದಲ್ಲಿ ಕೆಲವು ತಿಂಗಳು ಕೊಡುವುದೂ ಉಂಟು.

ಇದರಿಂದ ಶ್ವಾಸಕೋಶಕ್ಕೆ ತೊಂದರೆಯಾಗಬಹುದೆಂಬುದು ಹೊಸ ಸಂಗತಿಯೇನೂ ಅಲ್ಲ. 1962ರಲ್ಲಿಯೇ ಅಮೆರಿಕದ ವೈದ್ಯರು ಇದನ್ನು ವೈದ್ಯಪತ್ರಿಕೆಯೊಂದರಲ್ಲಿ ವರದಿ ಮಾಡಿದ್ದರು. 1980ರಲ್ಲಿ ಸ್ವೀಡನ್ ದೇಶದ ತಜ್ಞರು ಈ ಔಷಧದ ಅಡ್ಡ ಪರಿಣಾಮಗಳ 921 ವರದಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವುಗಳಲ್ಲಿ ಶ್ವಾಸಕೋಶದ ತೊಂದರೆಗಳದ್ದೇ ದೊಡ್ಡ ಪಾಲು. 2023ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಶ್ವಾಸಕೋಶ ಮತ್ತು ಯಕೃತ್ತಿನ ಮೇಲೆ ಇದರಿಂದಾಗುವ ಅಡ್ಡ ಪರಿಣಾಮಗಳನ್ನು ಕುರಿತು ವೈದ್ಯರಿಗೂ ರೋಗಿಗಳಿಗೂ ಮತ್ತೊಮ್ಮೆ ಎಚ್ಚರಿಕೆ ನೀಡಿತು. ಎಪ್ಪತ್ತು ವರ್ಷ ಬಳಸಿದ ಔಷಧಕ್ಕೂ ಎಚ್ಚರಿಕೆ ಬೇಕಾಯಿತೆಂದರೆ, ತಿಳಿದ ಸಂಗತಿಯೂ ಎಷ್ಟು ಬೇಗ ಮರೆತುಹೋಗುತ್ತದೆಂಬುದನ್ನು ನೀವೇ ಊಹಿಸಬಹುದು.

ಈ ಉರಿಯೂತವು ಎರಡು ಬಗೆಯಲ್ಲಿ ಬರುತ್ತದೆ.

ಮೊದಲನೆಯದು ತೀವ್ರ ಬಗೆ. ಔಷಧ ಆರಂಭಿಸಿದ ಕೆಲವು ದಿನಗಳಲ್ಲಿ, ಹೆಚ್ಚಾಗಿ ಎರಡು ವಾರಗಳ ಒಳಗೆ, ಥಟ್ಟನೆ ಜ್ವರ, ಚಳಿ, ಒಣ ಕೆಮ್ಮು, ಏದುಸಿರು, ಎದೆನೋವು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೈಮೇಲೆ ದದ್ದು ಏಳುವುದೂ ಉಂಟು. ಹಿಂದೆ ಒಮ್ಮೆ ಈ ಔಷಧವನ್ನು ಸೇವಿಸಿ ದೇಹ ಅದಕ್ಕೆ ಪ್ರತಿಕೂಲವಾಗಿದ್ದರೆ, ಎರಡನೆಯ ಸಲ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ತೊಂದರೆ ಆರಂಭವಾಗಬಹುದು. ಔಷಧವನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಗುಣವಾಗುತ್ತದೆ.

ಎರಡನೆಯದು ದೀರ್ಘ ಬಗೆ. ತಿಂಗಳುಗಟ್ಟಲೆ, ಹೆಚ್ಚಾಗಿ ಆರು ತಿಂಗಳಿಗೂ ಮಿಕ್ಕಿ, ಸೇವಿಸಿದವರಲ್ಲಿ ಇದು ಕಾಣುತ್ತದೆ. ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಇದು ಸದ್ದಿಲ್ಲದೆ ಬರುತ್ತದೆ. ಜ್ವರ ಇರಬೇಕೆಂದೇನೂ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಕೆಮ್ಮು, ಸ್ವಲ್ಪ ಸ್ವಲ್ಪವಾಗಿ ಆಯಾಸ. “ವಯಸ್ಸಾಯಿತು, ಶಕ್ತಿ ಕುಂದಿತು” ಎಂದು ರೋಗಿಯೇ ಸಮಾಧಾನ ಹೇಳಿಕೊಳ್ಳುತ್ತಾರೆ. ಉರಿಯೂತ ಬಹಳ ಕಾಲ ಮುಂದುವರಿದರೆ, ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಗಡುಸಾಗುವಂತೆ, ಶ್ವಾಸಕೋಶದಲ್ಲಿಯೂ ಗಡುಸಾದ ಕಲೆ ಉಳಿದುಬಿಡುತ್ತದೆ. ಔಷಧ ನಿಲ್ಲಿಸಿದ ಮೇಲೆ ಗುಣವಾಗಲು ವಾರಗಳು, ತಿಂಗಳುಗಳು ಬೇಕು. ಉಳಿದ ಕಲೆ ಮಾತ್ರ ಮಾಯುವುದಿಲ್ಲ.

ಇದು ಅಂಟುರೋಗವಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ತಟ್ಟೆ ಬೇರೆ ಮಾಡುವ ಅಗತ್ಯವಿಲ್ಲ. ಮಗುವನ್ನು ತಾಯಿಯಿಂದ ದೂರ ಮಾಡುವ ಅಗತ್ಯವಿಲ್ಲ.

ಹಾಗಾದರೆ ಈ ಔಷಧ ಬೇಡವೇ ಬೇಡವೆಂದು ಹೇಳಬೇಕೇ? ಹಾಗೆ ತಿಳಿದರೆ ಅದು ಇನ್ನೊಂದು ತಪ್ಪಾದೀತು. ಇಂಥ ಉರಿಯೂತವು ಅಪರೂಪ. ಈ ಮಾತ್ರೆಯನ್ನು ಸೇವಿಸಿದವರಲ್ಲಿ ಬಹುತೇಕ ಎಲ್ಲರೂ ಯಾವ ತೊಂದರೆಯೂ ಇಲ್ಲದೆ ಗುಣ ಹೊಂದುತ್ತಾರೆ. ಆದರೆ ಮೂತ್ರದ ಸೋಂಕು ಅಪರೂಪವಲ್ಲ. ಹೆಂಗಸರ ಮೂತ್ರದ್ವಾರದಿಂದ ಮೂತ್ರಕೋಶಕ್ಕೆ ಇರುವ ನಾಳ ಕೇವಲ 4 ಸೆಂಟಿಮೀಟರಿನಷ್ಟು ಉದ್ದ. ಆದ್ದರಿಂದ ರೋಗಾಣುಗಳು ಸುಲಭವಾಗಿ ಒಳಗೆ ಸೇರುತ್ತವೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸೋಂಕು ಮೂತ್ರಪಿಂಡಕ್ಕೆ ಏರಬಹುದು. ಗರ್ಭಿಣಿಯಲ್ಲಾದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಅಪಾಯವೂ ಇದೆ. ಹೆದರಿ ಚಿಕಿತ್ಸೆಯನ್ನೇ ಬಿಡುವುದು ಜಾಣತನವಲ್ಲ.

ಇನ್ನೊಬ್ಬ ತಾಯಿಯ ನಿದರ್ಶನದಿಂದ ಇದು ಸ್ಪಷ್ಟವಾದೀತು. ಮೇಲೆ ಹೇಳಿದ ಘಟನೆಯ ತರುವಾಯ ನನ್ನ ಬಳಿಗೆ ಇಪ್ಪತ್ತೈದರ ಒಬ್ಬ ಹೆಣ್ಣುಮಗಳು ಜ್ವರ, ಕೆಮ್ಮು, ಏದುಸಿರಿನಿಂದ ಬಂದರು. ಜೊತೆಯಲ್ಲಿ ಗಂಡ. ನಾನು ಬಾಯಿ ತೆರೆಯುವ ಮೊದಲೇ ಆತ ಜೇಬಿನಿಂದ ಮಾತ್ರೆಯ ಪಟ್ಟಿಯನ್ನು ತೆಗೆದು ಮೇಜಿನ ಮೇಲೆ ಇಟ್ಟು, “ಉರಿಮೂತ್ರಕ್ಕೆ ಇದನ್ನು ಕೊಟ್ಟಿದ್ದರು ಸಾರ್, ಇವತ್ತಿಗೆ ಆರು ದಿನ. ಜ್ವರ ನಿನ್ನೆಯಿಂದ,” ಎಂದ. ಅದೇ ಮಾತ್ರೆ. ಎಕ್ಸ್‌ರೇ ತೆಗೆಸಿದೆವು, ರಕ್ತ ಪರೀಕ್ಷೆ ಮಾಡಿಸಿದೆವು, ಮಾತ್ರೆಯನ್ನು ನಿಲ್ಲಿಸಿದೆವು. ಮೂತ್ರದ ಸೋಂಕಿಗೆ ಬೇರೆ ಔಷಧ ಕೊಟ್ಟೆವು. ಆಕೆಯನ್ನು ಎರಡು ದಿನ ಆಸ್ಪತ್ರೆಯಲ್ಲಿರಿಸಿಕೊಂಡು ನೋಡಿಕೊಂಡೆವು, ಜ್ವರ ಇಳಿಯಿತು. ವಾರದೊಳಗೆ ಉಸಿರು ಮೊದಲಿನಂತಾಯಿತು. ಅದೇ ಔಷಧ, ಅದೇ ತೊಂದರೆ. ಮೊದಲನೆಯ ಸಂಸಾರದಲ್ಲಿ ಮಾತ್ರೆ ಸೀರೆಯ ಮಡಿಕೆಯಲ್ಲಿತ್ತು. ಎರಡನೆಯ ಸಂಸಾರದಲ್ಲಿ ಗಂಡನ ಜೇಬಿನಲ್ಲಿತ್ತು.

ಈಗ ನೀವು ಅನುಸರಿಸಬೇಕಾದ ಕ್ರಮಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಯಾವ ಕಾಯಿಲೆಗಾಗಿ ಆಸ್ಪತ್ರೆಗೆ ಹೋದರೂ ನೀವು ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ಕೊಂಡೊಯ್ಯಿರಿ. ರಾತ್ರಿ ಒಂದು ನುಂಗುವ ಮಾತ್ರೆ, ಅಂಗಡಿಯಿಂದ ತಾವೇ ತಂದ ಮಾತ್ರೆ, ನಾಟಿ ಔಷಧ, ಯಾವುದನ್ನೂ ಬಿಡಬೇಡಿ. “ಇದಕ್ಕೂ ಅದಕ್ಕೂ ಸಂಬಂಧವಿಲ್ಲ” ಎಂದು ನೀವೇ ತೀರ್ಮಾನಿಸಬೇಡಿ. ವೈದ್ಯರು ಕೇಳದಿದ್ದರೂ ಹೇಳಿ. ನನ್ನಂತೆ ಕೇಳಲು ಮರೆಯುವವರೂ ಇರುತ್ತಾರೆ.

ಎರಡನೆಯದಾಗಿ, ಮಾತ್ರೆಯ ಪಟ್ಟಿಯನ್ನು ಎಸೆಯಬೇಡಿ. ಅಂಗಡಿಯವರು ಪಟ್ಟಿಯನ್ನು ಕತ್ತರಿಸಿ ಕೊಟ್ಟಾಗ ಹೆಸರಿರುವ ಭಾಗ ಹೋಗಿಬಿಡುತ್ತದೆ. ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಓದು ಬಾರದವರು ಮಕ್ಕಳಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಓದಿಸಿ ತಿಳಿಯಿರಿ.

ಮೂರನೆಯದಾಗಿ, ಹಳೆಯ ಚೀಟಿಯಿಂದ ಪ್ರತಿಜೈವಿಕ ಔಷಧವನ್ನು ಮತ್ತೆ ಮತ್ತೆ ಕೊಳ್ಳಬೇಡಿ. ಒಬ್ಬರಿಗೆ ಕೊಟ್ಟುದನ್ನು ಇನ್ನೊಬ್ಬರು ನುಂಗಬೇಡಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದ ಔಷಧವೆಂದು ತಿಳಿಯಿರಿ. “ಮೂರು ತಿಂಗಳು ಬಿಟ್ಟು ಬನ್ನಿ” ಎಂದು ವೈದ್ಯರು ಹೇಳಿದರೆ ಅದಕ್ಕೆ ಕಾರಣವಿದೆ. ಇಂಥ ಔಷಧವನ್ನು ಬಹಳ ಕಾಲ ಸೇವಿಸುವವರ ಉಸಿರಾಟ, ಯಕೃತ್ತು, ಮೂತ್ರಪಿಂಡ ಇವನ್ನು ಆಗಾಗ್ಗೆ ಪರೀಕ್ಷಿಸಬೇಕಾಗುತ್ತದೆ. ಕಾಯಿಲೆ ಗುಣವಾಗಿದೆಯೆಂದು ಹೋಗದೆ ಇರಬೇಡಿ.

ನಾಲ್ಕನೆಯದಾಗಿ, ಈ ಮಾತ್ರೆಯನ್ನು ಸೇವಿಸುತ್ತಿರುವಾಗ ಹೊಸದಾಗಿ ಕೆಮ್ಮು, ಏದುಸಿರು, ಎದೆನೋವು ಇವುಗಳಲ್ಲಿ ಯಾವುದೇ ಕಾಣಿಸಿಕೊಂಡರೂ, ಅದರೊಡನೆ ಜ್ವರವಿರಲಿ ಇಲ್ಲದಿರಲಿ, ಮುಂದಿನ ಮಾತ್ರೆಯನ್ನು ನುಂಗದೆ ಅದೇ ದಿನ ವೈದ್ಯರನ್ನು ಕಾಣಿರಿ. ಸೋಂಕು ಇನ್ನೂ ಇದ್ದರೆ ಅವರು ಬೇರೆ ಔಷಧ ಕೊಡುತ್ತಾರೆ. ಕುಳಿತಲ್ಲಿಯೇ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿಕೊಳ್ಳಿ.

ಐದನೆಯದಾಗಿ, ಒಮ್ಮೆ ಒಂದು ಔಷಧದಿಂದ ಇಂಥ ತೊಂದರೆಯಾಯಿತೆಂದರೆ ಅದನ್ನು ಜೀವಮಾನದಲ್ಲಿ ಮತ್ತೆ ಸೇವಿಸಬಾರದು. ಆ ಔಷಧದ ಹೆಸರನ್ನು ತಾಯಿ ಕಾರ್ಡಿನಲ್ಲಿ ಅಥವಾ ಆಸ್ಪತ್ರೆಯ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿರಿ. ಗಂಡನಿಗೂ ಹೆಂಡತಿಗೂ ಆ ಹೆಸರು ಬಾಯಿಪಾಠವಾಗಿರಲಿ. ಔಷಧಗಳ ಅಡ್ಡ ಪರಿಣಾಮವನ್ನು ನೀವೇ ಸರ್ಕಾರಕ್ಕೆ ತಿಳಿಸಲು 1800-180-3024 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಸಂಖ್ಯೆ ಅದು. ನೀವು ತಿಳಿಸಿದ ಒಂದು ವಿವರ ಇನ್ನೊಂದು ಸಂಸಾರವನ್ನು ಕಾಪಾಡಬಹುದು.

ಗರ್ಭಿಣಿಯರಿಗೆ ಒಂದು ವಿಶೇಷ ಸೂಚನೆ. ಮೂತ್ರದ ಸೋಂಕಿಗೆ ಔಷಧ ಪಡೆಯುವಾಗ ಎಷ್ಟು ತಿಂಗಳಾಗಿದೆಯೆಂದು ತಪ್ಪದೆ ಹೇಳಿರಿ. ದಿನ ತುಂಬಿ ಹೆರಿಗೆ ಸಮೀಪಿಸಿದಾಗ ಈ ಔಷಧವನ್ನು ಕೊಡುವುದಿಲ್ಲ. ಹುಟ್ಟುವ ಮಗುವಿನ ರಕ್ತಕಣಗಳು ಒಡೆಯುವ ಸಂಭವವುಂಟು. ಮೂತ್ರಪಿಂಡದ ಶಕ್ತಿ ಬಹಳ ಕುಂದಿದವರಿಗೂ ಇದು ತಕ್ಕ ಔಷಧವಲ್ಲ. ಇದನ್ನೆಲ್ಲ ನಿರ್ಧರಿಸಬೇಕಾದವರು ವೈದ್ಯರು, ಔಷಧದ ಅಂಗಡಿಯವರಲ್ಲ.

ಇನ್ನು ಸೋಂಕೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಮೂತ್ರಕ್ಕೆ ಮರೆಯಾದ ಜಾಗವಿಲ್ಲವೆಂದು ದಿನವಿಡೀ ನೀರು ಕುಡಿಯದೆ, ಮೂತ್ರವನ್ನು ತಡೆದುಕೊಂಡು ದುಡಿಯುತ್ತಾರೆ. ಸೋಂಕಿಗೆ ಇದು ಆಹ್ವಾನವಿತ್ತಂತೆ. ಬೇಕಾದಷ್ಟು ನೀರು ಕುಡಿಯಬೇಕು. ಮೂತ್ರ ಬಂದಾಗ ತಡೆಯಬಾರದು. ದಾಂಪತ್ಯದ ಕೂಟದ ನಂತರ ಮೂತ್ರ ವಿಸರ್ಜನೆ ಮಾಡುವುದು ಒಳ್ಳೆಯದು. ಮಲ ವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕು. ಮನೆಯಲ್ಲಿ ಶೌಚಾಲಯವನ್ನು ಕಟ್ಟಿಸಿ, ಅದರಲ್ಲಿ ನೀರಿರುವಂತೆ ನೋಡಿಕೊಳ್ಳುವುದು ಗಂಡನ ಹೊಣೆಯೂ ಹೌದು. ಸಾಮಾನು ತುಂಬಿಸಿಟ್ಟ ಶೌಚಾಲಯದಿಂದ ಯಾರಿಗೂ ಪ್ರಯೋಜನವಿಲ್ಲ.

ಗಂಡಂದಿರಿಗೆ ಒಂದು ಮಾತು. ಉರಿಮೂತ್ರವು ನಡತೆಗೆಟ್ಟವರಿಗೆ ಬರುವ ಕಾಯಿಲೆಯಲ್ಲ. ಹೆಂಡತಿ ಅದನ್ನು ಹೇಳಿಕೊಂಡಾಗ ಶಂಕೆಯಿಂದ ನೋಡಬೇಡಿ, ನಗಬೇಡಿ. ಒಮ್ಮೆ ನಕ್ಕರೆ ಸಾಕು, ಮುಂದಿನ ಸಲ ಆಕೆ ಹೇಳುವುದಿಲ್ಲ. ಮಾತ್ರೆ ಸೀರೆಯ ಮಡಿಕೆಯನ್ನು ಸೇರುತ್ತದೆ. ಹೆಂಡತಿಯರಿಗೂ ಒಂದು ಮಾತು. ಗಂಡಸು ವೈದ್ಯನೆದುರು ಹೇಳಲು ಸಂಕೋಚವಾದರೆ ಉಪಕೇಂದ್ರದ ಆರೋಗ್ಯ ಸಹಾಯಕಿಯೊಡನೆ, ಆಶಾ ಕಾರ್ಯಕರ್ತೆಯೊಡನೆ ಹೇಳಿರಿ. ಅವರು ನಮಗೆ ತಿಳಿಸುತ್ತಾರೆ. ಆದರೆ ಹೇಳದೆ ಮಾತ್ರ ಇರಬೇಡಿ.

ಮೊದಲು ಹೇಳಿದ ಆ ಗೃಹಿಣಿಯ ವಿಷಯಕ್ಕೆ ಬಂದು ಮುಗಿಸುತ್ತೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಆಕೆಯ ಎದೆಯ ಸ್ಕ್ಯಾನ್ ತೆಗೆದರು. ಔಷಧದಿಂದಾದ ಉರಿಯೂತವೆಂಬುದು ಖಚಿತವಾಯಿತು. ಆ ಮಾತ್ರೆಯನ್ನು ನಿಲ್ಲಿಸಿ, ಉರಿಯೂತ ಇಳಿಸುವ ಔಷಧವನ್ನು ಕೆಲವು ತಿಂಗಳು ಕೊಟ್ಟರು. ಕೆಮ್ಮು ನಿಂತಿತು. ಊಟ ಸೇರತೊಡಗಿತು. ತಟ್ಟೆ ಲೋಟ ಮತ್ತೆ ಎಲ್ಲರ ತಟ್ಟೆ ಲೋಟಗಳೊಡನೆ ಸೇರಿದವು. ಮಗು ಮನೆಗೆ ಬಂದಿತು. ಆದರೆ ಶ್ವಾಸಕೋಶದಲ್ಲಿ ಸ್ವಲ್ಪ ಕಲೆ ಉಳಿದಿದೆ. ಮಾರಿದ ಹಸು ಹಿಂತಿರುಗಲಿಲ್ಲ.

ನಾನು ಆ ಊರನ್ನು ಬಿಡುವ ಮುನ್ನ ಒಂದು ಬೆಳಗ್ಗೆ ಅವರಿಬ್ಬರನ್ನೂ ನೀರಿನ ತೊಂಬೆಯ ಬಳಿ ಕಂಡೆ. ಆಕೆ ಒಂದು ಕೊಡ ಹೊತ್ತಿದ್ದರು. ಎರಡನೆಯ ಕೊಡ ಗಂಡನ ಹೆಗಲ ಮೇಲಿತ್ತು. ಆತ ನನ್ನನ್ನು ಕಂಡು, “ಈಗ ಎಲ್ಲಾ ಹೇಳ್ತಾಳೆ ಡಾಕ್ಟ್ರೇ, ನಾನೂ ಕೇಳ್ತೀನಿ,” ಎಂದ.

ಸೋದರ ಸೋದರಿಯರೇ, ಈ ಶಿಬಿರದಿಂದ ನೀವು ಮನೆಗೆ ಕೊಂಡೊಯ್ಯಬೇಕಾದುದು ಇಷ್ಟೇ. ಈ ರಾತ್ರಿ ಊಟವಾದ ಮೇಲೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಹೊರಗೆ ತೆಗೆದು ಇಬ್ಬರೂ ಕುಳಿತು ನೋಡಿರಿ. ಯಾವುದು ಯಾರದು, ಯಾವುದಕ್ಕೆ, ಎಷ್ಟು ದಿನದಿಂದ ಎಂದು ಒಬ್ಬರನ್ನೊಬ್ಬರು ಕೇಳಿರಿ. ಉತ್ತರ ತಿಳಿಯದ ಮಾತ್ರೆ ಒಂದಿದ್ದರೂ ನಾಳೆ ಬೆಳಗ್ಗೆ ಅದನ್ನು ಆರೋಗ್ಯ ಕೇಂದ್ರಕ್ಕೆ ತನ್ನಿರಿ. ನಾನು ಅಲ್ಲಿಯೇ ಇರುತ್ತೇನೆ.